ಬೆಳಗಿನ ಹಾಲಿನ ಎಡೆ

ಈ ವರ್ಷ ಖಾರ ಮಾಡುವುದಿಲ್ಲ ಎಂದು ನನ್ನ ಸೊಸೆ ಭುವನಾ ಹೇಳಿದಾಗ ಮೆಣಸಿನಕಾಯಿ ಚೀಲಗಳು ಆಗಲೇ ಪಡಸಾಲೆಗೆ ಬಂದು ಕೂತಿದ್ದವು. ನನ್ನ ಮಗ ಚನ್ನಬಸಪ್ಪ ಬ್ಯಾಡಗಿ ಪೇಟೆಯಲ್ಲಿ ಒಂದು ದಲಾಲಿ ಅಂಗಡಿಯ ಗುಮಾಸ್ತ. ಒಳ್ಳೆಯ ಮಾಲು ಕಣ್ಣಿಗೆ ಬಿದ್ದ ದಿನ ಅವನೇ ಆರಿಸಿ, ಟಂಟಂ ಆಟೋದಲ್ಲಿ ಹಾಕಿಸಿ ಮನೆಗೆ ಕಳಿಸುತ್ತಾನೆ. ಕಡುಗೆಂಪಾಗಿ, ಮೈಯೆಲ್ಲ ನಿರಿಗೆ ಬಿದ್ದು, ಖಾರಕ್ಕಿಂತ ಬಣ್ಣವೇ ಹೆಚ್ಚಿರುವ ಕಾಯಿ. ಅವು ಬಂದ ದಿನ ನಮ್ಮ ಮನೆಯಲ್ಲಿ ಒಂದು ಸಣ್ಣ ಹಬ್ಬದ ಕಳೆ ಇರುತ್ತದೆ. ಈ ಸಲ ಇರಲಿಲ್ಲ.

"ಅತ್ತಿ, ಇವನ್ನ ತಿರುಗಿ ಒಯ್ಯಂತ ಹೇಳ್ರಿ ನಿಮ್ಮ ಮಗಗ," ಎಂದಳು ಭುವನಾ.

"ನೀನ ಹೇಳು. ನಿನಗ ಗಂಡ ಅಲ್ಲನ ಅಂವ?"

"ನಾ ಹೇಳಿದ್ರ ಯಾಕ ಅಂತ ಕೇಳ್ತಾರ."

"ನಾನೂ ಅದನ್ನ ಕೇಳಾಕತ್ತೇನಿ. ಯಾಕ?"

ಆಕೆ ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ಕಾಯಿ ತೆಗೆದು ಮೂಗಿನ ಹತ್ತಿರ ಹಿಡಿದಳು. ಬಹಳ ಹೊತ್ತು ಹಿಡಿದಳು. ಮತ್ತೆ ಚೀಲಕ್ಕೆ ಹಾಕಿದಳು.

"ನನಗ ವಾಸನೀನ ಬರವಲ್ದು ಅತ್ತಿ. ಒಳಗಿರೋದು ಮೆಣಸಿನಕಾಯೋ ಬರೇ ಚೀಲೋ ಅಂತ ಗೊತ್ತಾಗವಲ್ದು. ಇಂಥಾಕಿ ಖಾರ ಏನ್ ಮಾಡ್ಲಿ?"

ನಾನು ಚೀಲದ ಬಾಯಿ ಮತ್ತೆ ಕಟ್ಟಿಟ್ಟೆ.

ಭುವನಾಳ ಮಸಾಲೆ ಖಾರ ಎಂದರೆ ನಮ್ಮೂರಲ್ಲಷ್ಟೇ ಅಲ್ಲ, ರಾಣೆಬೆನ್ನೂರಿನಲ್ಲಿ, ಹಾವೇರಿಯಲ್ಲಿ ಎಷ್ಟೋ ಮನೆಗಳವರು ವರ್ಷಕ್ಕಾಗುವಷ್ಟು ಹೇಳಿ ಮಾಡಿಸಿಕೊಳ್ಳುತ್ತಾರೆ. ಮೊದಲು ತನ್ನ ತವರಿಗೆಂದು ಮಾಡಿ ಕಳಿಸಿದಳು. ತವರಿನವರ ಬೀಗರು ಕೇಳಿದರು, ಬೀಗರ ನೆರೆಯವರು ಕೇಳಿದರು, ಹಾಗೆ ಬೆಳೆಯಿತು. ಹವೀಜ, ಅಂದರೆ ಕೊತ್ತಂಬರಿ ಬೀಜ, ಹುರಿಯುವಾಗ ಆಕೆ ಒಲೆಯ ಮೇಲಿನ ಕಬ್ಬಿಣದ ಬುಟ್ಟಿಯ ಕಡೆ ನೋಡುವುದೂ ಇಲ್ಲ. ಮಾತಾಡುತ್ತ ಕೂತಿರುತ್ತಾಳೆ, ಒಮ್ಮೆಲೇ ಮಾತು ನಿಲ್ಲಿಸಿ ಬುಟ್ಟಿ ಇಳಿಸುತ್ತಾಳೆ. ಇನ್ನೊಂದು ಚಣ ಬಿಟ್ಟರೆ ಕಹಿ, ಒಂದು ಚಣ ಮೊದಲಾದರೆ ಹಸಿ. ಲವಂಗ, ಚಕ್ಕೆ, ಒಣಕೊಬ್ಬರಿ, ಎಲ್ಲದಕ್ಕೂ ಹಾಗೆಯೇ. ಕಣ್ಣಿನ ಕೆಲಸ ಅಲ್ಲ ಅದು, ಮೂಗಿನ ಕೆಲಸ. ನನಗೆ ಅದು ಎಂದೂ ಬರಲಿಲ್ಲ. ನಾನು ಬಣ್ಣ ನೋಡಿ ಇಳಿಸುವವಳು, ನನ್ನ ಖಾರ ಮನೆಮಂದಿ ಮಾತ್ರ ತಿನ್ನುವ ಖಾರ.

ಆಕೆಯ ಮೈ ಬದಲಾಗತೊಡಗಿ ಎರಡು ವರ್ಷದ ಮೇಲಾಗಿತ್ತು. ಮೊದಲು ಮುಟ್ಟು ಏರುಪೇರಾಯಿತು. ಒಂದು ತಿಂಗಳು ಬಂದರೆ ಎರಡು ತಿಂಗಳು ಇಲ್ಲ. ಆಮೇಲೆ ಉರಿ ಶುರುವಾಯಿತು. ರೊಟ್ಟಿ ಬಡಿಯುತ್ತಿದ್ದವಳ ಎದೆಯಿಂದ ಕೆಂಪು ಏರಿ ಕಿವಿಯವರೆಗೆ ಹೋಗುವುದು, ಕುತ್ತಿಗೆಯಲ್ಲಿ ಬೆವರು ಇಳಿಯುವುದು. ಆಗ ಹಿತ್ತಲಿಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ನಿಲ್ಲುತ್ತಿದ್ದಳು, ಯಾರಿಗೂ ಕಾಣಬಾರದೆಂದು. ಇದು ಎಲ್ಲರಿಗೂ ಬರುವಂಥದ್ದು, ನನಗೂ ಬಂದಿತ್ತು, ಹೋಯಿತು. ಇದೂ ಹೋಗುತ್ತದೆ ಅಂದುಕೊಂಡಿದ್ದೆ.

ಆದರೆ ಅದರ ಹಿಂದೆ ಬೇರೇನೋ ಬಂತು. ಉರಿ ಇಳಿದ ಕೂಡಲೇ ಚಳಿ ಎನ್ನುತ್ತಿದ್ದಳು. ನಾವೆಲ್ಲ ಸೆಖೆಗೆ ಅಂಗಳದಲ್ಲಿ ಕೂತರೆ ಆಕೆ ಶಾಲು ಹೊದ್ದು ಒಳಗೆ ಕೂರುವಳು. ತಲೆ ಬಾಚಿದರೆ ಹಣಿಗೆಯ ತುಂಬ ಕೂದಲು. ಧ್ವನಿ ಒಡೆಯಿತು. ಬಳೆ ಏರದಂತೆ ಕೈಗಳು ಊದಿದವು. ಕೂತಲ್ಲೇ ಕಣ್ಣು ಮುಚ್ಚುವಳು, ಎದ್ದರೂ ನಿದ್ದೆ ಮಾಡಿ ಎದ್ದವಳ ಹಾಗೆ ಕಾಣುತ್ತಿರಲಿಲ್ಲ. ರಾಣೆಬೆನ್ನೂರಿನ ಡಾಕ್ಟರು ರಕ್ತ ನೋಡಿ ಥೈರಾಯ್ಡ್ ಕಡಿಮೆ ಆಗಿದೆ ಎಂದರು. ದಿನಾ ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ತೆಗೆದುಕೊಳ್ಳುವ ಗುಳಿಗೆ ಕೊಟ್ಟರು, ಎಲುಬಿಗೆಂದು ಕ್ಯಾಲ್ಸಿಯಂ ಗುಳಿಗೆಯನ್ನೂ ಬರೆದರು. ಆಕೆ ಒಂದು ದಿನವೂ ತಪ್ಪಿಸಲಿಲ್ಲ, ನಾನು ಕಣ್ಣಾರೆ ಕಂಡಿದ್ದೇನೆ. ಆದರೂ ಪ್ರತಿಸಲ ರಕ್ತ ನೋಡಿದಾಗ ಲೆಕ್ಕ ಕೆಟ್ಟದ್ದೇ ಬರುವುದು. ಪ್ರತಿಸಲ ಗುಳಿಗೆಯ ಶಕ್ತಿ ಏರುವುದು. ಆಕೆ ಮಾತ್ರ ಇಳಿಯುತ್ತ ಹೋದಳು.

"ಆತು ಬಿಡು, ಇನ್ನೂ ಎಷ್ಟ್ ದುಡಿತಿ? ಆರಾಮ ಕುಂದ್ರು," ಎಂದ ಚನ್ನಬಸಪ್ಪ, ಖಾರದ ಮಾತು ಅವನ ಕಿವಿಗೆ ಬಿದ್ದಾಗ. ಪ್ರೀತಿಯಿಂದಲೇ ಅಂದ.

"ಕುಂತ್ರ ಮತ್ತ ಏಳಂಗಿಲ್ಲ ನಾನು. ಅದಕ್ಕ ಅಂಜಿಕಿ ನನಗ," ಎಂದಳು ಭುವನಾ.

ಆ ಮಾತು ಕೇಳಿ ನನಗೆ ನನ್ನ ನೆಗೆಣ್ಣಿ ನೀಲವ್ವ ನೆನಪಾದಳು. ನನ್ನ ಗಂಡನ ಅಣ್ಣನ ಹೆಂಡತಿ. ನಾನು ಮದುವೆಯಾಗಿ ಈ ಮನೆಗೆ ಬಂದಾಗ ಮನೆಯ ಬೀಗದಕೈ ಆಕೆಯ ಸೊಂಟದಲ್ಲಿತ್ತು. ಹೊಲಕ್ಕೆ ಯಾವ ಬೀಜ, ಯಾರ ಮದುವೆಗೆ ಎಷ್ಟು ಆಯೇರಿನ ಉಡುಗೊರೆ, ಎಲ್ಲ ಆಕೆಯನ್ನು ಕೇಳಿಯೇ ಆಗಬೇಕು. ಮುಟ್ಟು ನಿಲ್ಲುವ ಹೊತ್ತಿಗೆ ಆಕೆ ಹೀಗೆಯೇ ಊದಿದಳು, ಮಾತು ನಿಧಾನವಾಯಿತು, ಒಲೆಯ ಪಕ್ಕ ಕೂತು ತೂಕಡಿಸತೊಡಗಿದಳು. ಮೈಗಳ್ಳಿ ಎಂದರು. ಗಾಳಿ ಹಿಡಿದಿದೆ ಎಂದು ತಾಯಿತ ಕಟ್ಟಿಸಿದರು. ನಾನು ಆಕೆಯ ಪಾದಕ್ಕೆ ಎಣ್ಣೆ ತಿಕ್ಕುತ್ತಿದ್ದೆ, ಬಿಸಿಲಿನಲ್ಲಿ ಕೂತರೂ ಆ ಪಾದಗಳು ತಣ್ಣಗೇ ಇರುತ್ತಿದ್ದವು. ಆಕೆ ಅದರಿಂದ ಸಾಯಲಿಲ್ಲ, ಬಹಳ ವರ್ಷ ಬದುಕಿದಳು. ಆದರೆ ಒಂದು ವರ್ಷ ಬೀಗದಕೈ ಬೇರೆಯವರ ಸೊಂಟಕ್ಕೆ ಹೋಯಿತು, ಅಂದಿನಿಂದ ಮನೆಯಲ್ಲಿ ಯಾರೂ ಆಕೆಯನ್ನು ಏನೂ ಕೇಳಲಿಲ್ಲ. ಸಾರಿಗೆ ಉಪ್ಪು ಆಗಿದೆಯೇ ಎಂದು ಕೂಡ ಕೇಳಲಿಲ್ಲ.

ಭುವನಾ ಖಾರ ಬಿಟ್ಟರೆ ಅದು ಹಾಗೆಯೇ ಶುರುವಾಗುತ್ತದೆ ಎಂದು ನನಗೆ ಅನಿಸಿತು.

ತೊಟ್ಟು ಬಿಡಿಸಲು ಬರುವ ಮರಿಯವ್ವ ಆ ಮಧ್ಯಾಹ್ನ ಬಂದು ಚೀಲದ ಮುಂದೆ ಕೂತಳು. ಹಿಂದಿನ ಓಣಿಯವಳು, ಭುವನಾಳಿಗಿಂತ ಹತ್ತು ವರ್ಷ ದೊಡ್ಡವಳು. ಭುವನಾಳ ಮುಖ ನೋಡಿದಳು, ನನ್ನ ಮುಖ ನೋಡಿದಳು.

"ಏನ್ ಭುವನವ್ವ, ಇನ್ನೂ ಉರಿ ಹೋಗಿಲ್ಲೇನು? ನನಗ ಬಂದಾಗ ನಾ ಹೊಲದಾಗ ಕಳೆ ತಗಿತಿದ್ನಿ. ಸೀರಿ ಬಿಚ್ಚಿ ಒಗದು ಕಾಲುವಿಗೆ ಬೀಳ್ಲೇನು ಅನಿಸ್ತಿತ್ತು. ನಮ್ಮ ಯಜಮಾನ ಕೇಳಿದ, ಯಾಕ ಹಿಂಗ ಕೆಂಪಾಗೀದಿ ಅಂತ. ನಿನ್ನ ನೋಡಿ ನಾಚಿಕಿ ಬಂತು ಅಂದ್ನಿ. ಪಾಪ, ಒಂದ್ ವಾರ ಖುಷೀಲೆ ಇದ್ದ."

ಭುವನಾ ನಕ್ಕಳು. ಬಹಳ ದಿನದ ಮೇಲೆ ನಕ್ಕಳು. ಆದರೆ ನಗು ಮುಗಿದ ಮೇಲೆ ಮರಿಯವ್ವನಿಗೂ ಅದೇ ಹೇಳಿದಳು, ಈ ವರ್ಷ ಖಾರ ಇಲ್ಲ, ಎಲ್ಲರಿಗೂ ಫೋನ್ ಮಾಡಿ ಹೇಳಿಬಿಡುತ್ತೇನೆ ಎಂದು. ಮರಿಯವ್ವನ ಕೈ ನಿಂತಿತು.

ನಾನು ಆಗ ಬಾಯಿ ಬಿಟ್ಟೆ. "ಇಲ್ಲ ಅಂತ ಹೇಳಬ್ಯಾಡ. ತಡ ಆಕ್ಕೈತಿ ಅನ್ನು. ಯುಗಾದಿ ಮ್ಯಾಲೆ ಅನ್ನು."

"ಯುಗಾದಿಗೆ ಏನ್ ಆಕ್ಕೈತ್ರಿ ಅತ್ತಿ?"

"ನನಗೇನ್ ಗೊತ್ತು. ಹಾವೇರಿಗೆ ಒಮ್ಮಿ ಹೋಗಿ ಬರೂಣು. ಸ್ನೇಹಾ ಎಷ್ಟ್ ಸಲ ಕರದಾಳ. ನನಗೂ ಮೊಮ್ಮಗಳ ಮನಿ ನೋಡ್ದಂಗ ಆಕ್ಕೈತಿ."

ನನ್ನ ನೆಪ ಆಕೆಗೆ ತಿಳಿಯಿತು. ಆದರೂ ಬೇಡ ಎನ್ನಲಿಲ್ಲ.

ಭುವನಾಳ ಮಗಳು ಸ್ನೇಹಾಳನ್ನು ಹಾವೇರಿಗೆ ಕೊಟ್ಟಿದ್ದೇವೆ. ಅಲ್ಲಿಯೇ ಬ್ಯಾಂಕಿನಲ್ಲಿ ಕೆಲಸ. ಪ್ಯಾಸೆಂಜರ್ ಗಾಡಿ ಇಳಿದ ನಮ್ಮನ್ನು ಸ್ಟೇಷನ್ನಿಗೆ ಬಂದು ನೇರ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅವಳು ತಾಯಿಯನ್ನು ತೋರಿಸಬೇಕೆಂದಿದ್ದ ಲೇಡಿ ಡಾಕ್ಟರ ಹೆಸರು ನಂದಿತಾ. ವಯಸ್ಸು ಹೆಚ್ಚಿಲ್ಲ, ಆದರೆ ಅವಸರವೂ ಇಲ್ಲ. ಭುವನಾ ತಂದಿದ್ದ ಹಳೆಯ ಕಾಗದಗಳನ್ನೆಲ್ಲ ನೋಡಿದರು.

"ಗುಳಿಗಿ ನಡುವ ತಪ್ಪಸ್ತೀರೇನ್ರಿ?"

"ಇಲ್ರಿ. ಒಂದ್ ದಿನಾನೂ ಇಲ್ಲ."

"ಬರೇ ಹೊಟ್ಟಿಲೆ ತಗೋತೀರಿ?"

"ಹೌದ್ರಿ. ಬರೇ ಹೊಟ್ಟಿಲೇನ. ನಾಷ್ಟಾ ಎಲ್ಲಾ ಆಮ್ಯಾಲೆ."

ಡಾಕ್ಟರು ಇನ್ನೊಂದಷ್ಟು ಹೆಚ್ಚಿಸಲೆಂದೇ ಪೆನ್ನು ಎತ್ತಿದರು. ಎತ್ತಿದ ಪೆನ್ನು ಹಾಗೇ ಕೆಳಗಿಟ್ಟರು.

"ಹೋದ ಸಲಾನೂ ಹೆಚ್ಚು ಮಾಡ್ಯಾರ, ಅದರ ಹಿಂದೂ ಮಾಡ್ಯಾರ. ಇಷ್ಟು ಔಷಧ ಎಲ್ಲಿಗೆ ಹೋಗಾಕತ್ತೈತಿ ಅಂತ ಯೋಚನಿ ಬರ್ತದ ನನಗ. ಅಕ್ಕಾರ, ಬೆಳಿಗ್ಗೆ ಕಣ್ಣ ಬಿಟ್ಟಾಗಿಂದ ಏನೇನ್ ಮಾಡ್ತೀರಿ, ಒಂದೊಂದ ಹೇಳ್ರಿ ನೋಡೂಣು."

ಭುವನಾ ಹೇಳಿದಳು. ಏಳುವುದು, ಕಸ ನೀರು, ಸ್ನಾನ. ಆಮೇಲೆ ವಿಭೂತಿ ಧರಿಸಿ ಲಿಂಗಪೂಜೆ. ಪೂಜೆಗೆ ಮೊದಲು ಹನಿ ನೀರೂ ಬಾಯಿಗೆ ಹಾಕುವುದಿಲ್ಲ. ಬಾಯಿಗೆ ಹೋಗುವುದು ಏನೇ ಇರಲಿ, ಮೊದಲು ಲಿಂಗಕ್ಕೆ ತೋರಿಸಬೇಕು, ಆಮೇಲೆ ಅದು ಪ್ರಸಾದ. ಗುಳಿಗೆಯೂ ಬಾಯಿಗೆ ಹೋಗುವ ವಸ್ತುವೇ, ಆದ್ದರಿಂದ ಅದನ್ನೂ ಎಡೆಯ ಹಾಲಿನ ಬಟ್ಟಲ ಪಕ್ಕ ಇಟ್ಟು, ತೋರಿಸಿ, ಆ ಹಾಲಿನಲ್ಲೇ ನುಂಗುವುದು. ಎಲುಬಿನ ಗುಳಿಗೆಯನ್ನೂ ಅದರ ಜೊತೆಗೇ.

"ಹಾಲಿನಾಗ," ಎಂದರು ಡಾಕ್ಟರು.

"ಹೌದ್ರಿ. ಪೂಜಿ ಹಾಲು."

"ಅಂದ್ರ ಬರೇ ಹೊಟ್ಟಿ ಆಗ್ಲಿಲ್ಲಲ್ರಿ ಅಕ್ಕಾರ."

ಭುವನಾ ನನ್ನ ಕಡೆ ನೋಡಿದಳು. ನನಗೂ ಡಾಕ್ಟರ ಮಾತು ಅರ್ಥವಾಗಲಿಲ್ಲ. "ಅದು ಪ್ರಸಾದ ಅಲ್ರಿ?" ಎಂದಳು. "ಊಟ ಅಲ್ಲಲ್ಲ."

ಸ್ನೇಹಾ ಹಣೆ ಹಿಡಿದುಕೊಂಡಳು. ನಾನು ಅವಳ ಮೊಣಕೈ ಮುಟ್ಟಿ ಸುಮ್ಮನಿರಿಸಿದೆ. ಏಕೆಂದರೆ ನಮ್ಮ ಮನೆಯಲ್ಲಿ ಪ್ರಸಾದವನ್ನು ಯಾರೂ ತಿಂದ ಲೆಕ್ಕಕ್ಕೆ ಹಿಡಿದಿಲ್ಲ. ಸೋಮವಾರದ ಒಪ್ಪತ್ತು ಮಾಡುವವರು ಬೆಳಿಗ್ಗೆ ಪ್ರಸಾದ ತೆಗೆದುಕೊಂಡು, ಏನೂ ತಿಂದಿಲ್ಲ ಎಂದು ಹೇಳುತ್ತಾರೆ, ಅದು ಸುಳ್ಳು ಎಂದು ಯಾರೂ ಹೇಳುವುದಿಲ್ಲ. ರಾಣೆಬೆನ್ನೂರಿನ ಡಾಕ್ಟರು ಬರಿ ಹೊಟ್ಟೆ ಎಂದು ಸರಿಯಾಗಿಯೇ ಹೇಳಿದ್ದರು, ಭುವನಾ ಬರಿ ಹೊಟ್ಟೆ ಎಂದು ಸರಿಯಾಗಿಯೇ ಉತ್ತರ ಕೊಟ್ಟಿದ್ದಳು. ನಡುವೆ ಒಂದು ಬಟ್ಟಲು ಹಾಲು ಇದೆಯೇ ಎಂದು ಕೇಳಬೇಕೆಂದು ಅವರಿಗೂ ತೋಚಲಿಲ್ಲ, ಇದೆ ಎಂದು ಹೇಳಬೇಕೆಂದು ಇವಳಿಗೂ ತೋಚಲಿಲ್ಲ.

ಡಾಕ್ಟರು ನಗಲಿಲ್ಲ. ಕುರ್ಚಿ ಮುಂದೆ ಎಳೆದುಕೊಂಡರು. "ಈ ಗುಳಿಗಿ ಭಾಳ ನಾಜೂಕ ಐತ್ರಿ. ಹಾಲು ಬಂತಂದ್ರ ಅದಕ್ಕ ಅಂಟಿಕೊಂಡ ಹೊರಗ ಹೋಗ್ತದ, ರಕ್ತಕ್ಕ ಸೇರಂಗಿಲ್ಲ. ಎಲುಬಿನ ಗುಳಿಗಿ ಅಂತೂ ಹಾಲಿಗಿಂತ ಕೆಟ್ಟದ್ದು. ನೀವು ದಿನಾ ತಗೊಂಡೀರಿ, ಆದ್ರ ನಿಮ್ಮ ಮೈಗೆ ಅದು ಸಿಕ್ಕಿದ್ದು ಸ್ವಲ್ಪ. ಎದ್ದ ಕೂಡ್ಲೆ ಬರೇ ನೀರಿನಾಗ ತಗೋರಿ. ಒಂದ್ ತಾಸು ಹಾಲಿಲ್ಲ, ಚಾ ಇಲ್ಲ. ಎಲುಬಿನ ಗುಳಿಗಿ ಮಧ್ಯಾಹ್ನದ ಊಟಕ್ಕ ಇರ್ಲಿ. ಈಗ ಕೊಡೋ ಶಕ್ತಿ ಪೂರಾ ಹತ್ತಿದ್ರ ಜಾಸ್ತಿ ಆದೀತು, ಅದಕ್ಕ ಇಳಸ್ತೇನಿ. ಎದಿ ಡವಡವ ಅಂದ್ರ ತಡ ಮಾಡಬ್ಯಾಡ್ರಿ, ಬರ್ರಿ. ಇಲ್ಲಂದ್ರ ಆರು ವಾರ ಬಿಟ್ಟು ರಕ್ತ ನೋಡೂಣು."

"ಈ ಉರಿ ಹೋಕ್ಕೈತೇನ್ರಿ ಇದರಿಂದ?" ಎಂದು ನಾನು ಕೇಳಿದೆ.

"ಇಲ್ರಿ ಅಜ್ಜಿ. ಉರಿ ಮುಟ್ಟು ನಿಲ್ಲೋ ಕಾಲದ್ದು, ಅದು ಬ್ಯಾರೆ. ಎರಡೂ ಒಂದರ ಮ್ಯಾಲೊಂದು ಕುಂತಾವು, ಅದಕ್ಕ ಯಾವ ತ್ರಾಸು ಯಾವುದರದ್ದು ಅಂತ ತಿಳಿವಲ್ದು. ಮೊದಲ ಇದು ಹತೋಟಿಗೆ ಬರ್ಲಿ, ಆಮ್ಯಾಲೆ ಉರಿ ವಿಚಾರ ಮಾಡೂಣು. ಅದಕ್ಕೂ ಔಷಧ ಅದಾವು."

ಭುವನಾ ಎದ್ದು ನಿಂತಿದ್ದವಳು ಬಾಗಿಲ ಹತ್ತಿರ ತಿರುಗಿದಳು. "ವಾಸನಿ ತಿರುಗಿ ಬರ್ತೈತೇನ್ರಿ?"

"ಬರಬಹುದು. ಥೈರಾಯ್ಡ್‌ದಿಂದ ಹೋಗಿದ್ರ ಬರ್ತದ. ಖಾತ್ರಿ ಅಂತ ನಾ ಹೇಳಂಗಿಲ್ಲ."

ಇಷ್ಟರಲ್ಲಿ ಎಲ್ಲ ಸರಿಹೋಯಿತು ಎಂದು ಸ್ನೇಹಾ ಅಂದುಕೊಂಡಳು. ಹೋಟೆಲ್ಲಿಗೆ ಕರೆದುಕೊಂಡು ಹೋಗಿ ನಮಗೆ ದೋಸೆ ಹೇಳಿದಳು. ಭುವನಾ ದೋಸೆ ಮುರಿಯುತ್ತ ಕೂತಳು, ತಿನ್ನಲಿಲ್ಲ.

"ಎದ್ದ ಕೂಡ್ಲೆ ಅಂದ್ರ ಪೂಜಿಗಿಂತ ಮೊದಲ ಆತಲ್ಲ. ಅಷ್ಟ ಮಾತ್ರ ನನ್ನಿಂದ ಆಗಂಗಿಲ್ಲ."

"ಅವ್ವಾ, ಗುಳಿಗಿ ಅದು. ದೇವರೇನ್ ಸಿಟ್ಟಾಗ್ತಾನೇನು?"

"ಸಿಟ್ಟಿನ ಮಾತಲ್ಲ ಸ್ನೇಹಾ. ಎಂಟ್ ವರ್ಷದಾಕಿ ಇದ್ದಾಗ ನಮ್ಮಪ್ಪ ದೀಕ್ಷಾ ಕೊಡಿಸ್ದ. ಲಿಂಗಕ್ಕ ತೋರಸ್ದ ಏನೂ ಬಾಯಾಗ ಹಾಕಬ್ಯಾಡವ್ವ ಅಂದ. ಬಾಣಂತ್ಯಾಗೂ ಬಿಟ್ಟಿಲ್ಲ ನಾನು. ಈಗ ಮುಟ್ಟು ನಿಂತ ಮ್ಯಾಲೆ ಬಿಡ್ಲಿ?"

"ಹಂಗಾದ್ರ ಪೂಜಿ ಆದ ಮ್ಯಾಲೆ ನೀರಾಗ ತಗೋ. ಹಾಲು ಆಮ್ಯಾಲೆ ಕುಡಿ."

"ಎಡಿ ತೋರಿಸಿದ ಹಾಲು ಮುಂದ ಇಟಗೊಂಡು ತಾಸ್ ಗಟ್ಟಲೆ ಕುಂದರ್ತಾರೇನು? ತೋರಿಸಿದ ಕೂಡ್ಲೆ ತಗೋಬೇಕು."

"ಹಂಗಾದ್ರ ಹಾಲು ಬಿಡು."

ಭುವನಾ ತಟ್ಟೆ ಪಕ್ಕಕ್ಕೆ ಸರಿಸಿದಳು. ನಮ್ಮ ಮನೆಯಲ್ಲಿ ಬೆಳಗಿನ ಹಾಲಿನ ಎಡೆ ಯಾವಾಗಿನಿಂದ ನಡೆದಿದೆ ಎಂಬುದು ನನಗೇ ಗೊತ್ತಿಲ್ಲ. ನನ್ನ ಮಂಡಿ ಬಗ್ಗದ ಹಾಗಾದಾಗ ನಾನೇ ಅದನ್ನು ಭುವನಾಳಿಗೆ ಒಪ್ಪಿಸಿದ್ದೆ. ಕೊಟ್ಟ ಕೆಲಸವನ್ನು ಬಿಡು ಎಂದು ಮಗಳು ಹೇಳಿದರೆ ಬಿಡುವ ಹೆಣ್ಣಲ್ಲ ಆಕೆ. ಸ್ನೇಹಾಳ ಕಣ್ಣಲ್ಲಿ ನೀರು ಬಂತು, ಸಿಟ್ಟಿನದೋ ಕಾಳಜಿಯದೋ. "ಅಜ್ಜಿ, ನೀನರ ಹೇಳು," ಎಂದಳು. ನಾನು ದೋಸೆ ತಿನ್ನುತ್ತ ಹೋದೆ. ಹೋಟೆಲ್ಲಿನಲ್ಲಿ ಕೂತು ಬಗೆಹರಿಯುವಂಥದ್ದಲ್ಲ ಅದು.

ಊರಿಗೆ ತಿರುಗಿ ಬಂದ ಮರುದಿನ ಬೆಳಿಗ್ಗೆ ಭುವನಾ ಪೂಜೆ ಮುಗಿಸಿ ಎದ್ದು ಹೋದ ಮೇಲೆ ನೋಡಿದೆ. ಹಾಲಿನ ಬಟ್ಟಲು ಬರಿದಾಗಿತ್ತು. ಗುಳಿಗೆ ತಟ್ಟೆಯಲ್ಲೇ ಇತ್ತು. ಹಾಲಿನಲ್ಲಿ ತೆಗೆದುಕೊಂಡರೆ ಉಪಯೋಗವಿಲ್ಲ, ನೀರಿನಲ್ಲಿ ತೆಗೆದುಕೊಳ್ಳಲು ಮನಸ್ಸು ಒಪ್ಪುವುದಿಲ್ಲ. ಹೀಗಾಗಿ ಗುಳಿಗೆಯನ್ನೇ ಬಿಟ್ಟಿದ್ದಳು.

ನಾನು ಗುಳಿಗೆ ಕೈಯಲ್ಲಿ ಹಿಡಿದುಕೊಂಡು ಅಡುಗೆಮನೆಯ ಹೊಸ್ತಿಲ ಮೇಲೆ ಕೂತೆ. ಆಕೆ ಹಿಟ್ಟು ನಾದುತ್ತಿದ್ದಳು. ಕೈ ಸೋತು ಆಗಾಗ ನಿಲ್ಲಿಸುತ್ತಿದ್ದಳು.

"ನಾ ಬಂದ ಹೊಸತರಾಗ ಒಂದ್ ವರ್ಷ ನಮ್ಮ ಎಮ್ಮಿ ಬತ್ತಿತ್ತು," ಎಂದೆ. "ಊರಾಗ ಯಾರ ಮನ್ಯಾಗೂ ಹಾಲಿಲ್ಲ. ನಮ್ಮತ್ತಿ ಆಗ ಏನ್ ಮಾಡಿದ್ಲು ಗೊತ್ತೈತೇನು? ಅದ ಬೆಳ್ಳಿ ಬಟ್ಟಲದಾಗ ನೀರು ಹಿಡದ್ಲು. ಬಾವಿ ನೀರು. ಎಮ್ಮಿ ಈಯೂತನಕಾ ನೀರ ಎಡಿ, ನೀರ ಪ್ರಸಾದ. ನಾವೆಲ್ಲಾ ಕೈ ಒಡ್ಡಿ ತಗೊಂಡೇವಿ."

ಹಿಟ್ಟು ನಾದುವುದು ನಿಂತಿತು. "ಖರೇನ್ರಿ? ಇಲ್ಲ ನನಗ ಸಮಾಧಾನ ಮಾಡಾಕ ಹೇಳಾಕತ್ತೀರೊ?"

"ನಾ ನಿನಗ ಯಾವತ್ತರ ಸಮಾಧಾನ ಮಾಡೇನೇನು? ಲಗ್ನ ಆಗಿ ಬಂದ ವಾರದಾಗ ನಿನ್ನ ಸಾರು ನೀರಾಗೇತಿ ಅಂತ ಹೇಳ್ದಾಕಿ ನಾನು."

"ಅದು ಖರೆ," ಎಂದಳು. ಬಾಯಿ ಸ್ವಲ್ಪ ನಗುವಿನ ಕಡೆ ಹೋಯಿತು. "ಆದ್ರ ಆಗ ಹಾಲಿರ್ಲಿಲ್ಲ. ಈಗ ಹಾಲು ಐತಲ್ರಿ. ಇದ್ದೂ ನೀರು ಹಿಡದ್ರ?"

ಆ ಪ್ರಶ್ನೆ ಬರುತ್ತದೆ ಎಂದು ನನಗೆ ಗೊತ್ತಿತ್ತು. ರಾಣೆಬೆನ್ನೂರಿಗೂ ಹಾವೇರಿಗೂ ನಡುವೆ ಇರುವ ಯಾವ ಹೆಣ್ಣಿಗಿಂತಲೂ ಆಕೆ ಇಂಥದ್ದರಲ್ಲಿ ಬಿಗಿ.

"ಹಾಲಿನ ಎಡಿ ನಿಲ್ಲಂಗಿಲ್ಲ," ಎಂದೆ. "ಅದನ್ನ ನಾ ತಿರುಗಿ ತಗೋತೇನಿ. ನೀನು ಎದ್ದು ಸ್ನಾನ ಮಾಡಿ ನೀರಿನ ಎಡಿ ಹಿಡಿ. ಗುಳಿಗಿ ತೋರಸು, ಆ ನೀರಾಗ ನುಂಗು. ನಿಮ್ಮಪ್ಪನ ಮಾತೂ ಉಳೀತು, ಡಾಕ್ಟರ ಮಾತೂ ಉಳೀತು. ನಾ ಪೂಜಿಗೆ ಕುಂದರೋದು ಅಂಗಳಕ್ಕ ಬಿಸಿಲು ಬಂದ ಮ್ಯಾಲೆ. ಇಷ್ಟ ದಿನ ಕಲ್ಲುಸಕ್ಕರಿ ಹಿಡೀತಿದ್ನಿ. ಇನ್ನ ಹಾಲು ಹಿಡೀತೇನಿ. ನಿನಗ ಪ್ರಸಾದ ನನ್ನ ಕೈಲೆ."

"ನಿಮ್ಮ ಮಂಡಿ?"

"ಕುರ್ಚಿ ಮ್ಯಾಲೆ ಕುಂದರ್ತೇನಿ. ಲಿಂಗ ಕೈಯಾಗ ಇರ್ತೈತಿ, ನೆಲದ ಮ್ಯಾಲೆ ಇರಂಗಿಲ್ಲಲ್ಲ."

ಆಕೆ ನಾದಿದ ಹಿಟ್ಟಿನ ಮೇಲೆ ಬಟ್ಟೆ ಮುಚ್ಚಿದಳು. ಆಮೇಲೆ ಕೈ ತೊಳೆದುಕೊಂಡು ಬಂದು ನನ್ನ ಅಂಗೈಯಿಂದ ಗುಳಿಗೆ ತೆಗೆದುಕೊಂಡಳು. "ಇವತ್ತಿಂದು ಹೋತು. ನಾಳಿಂದ," ಎಂದಳು.

ಮಾರನೆಯ ದಿನದಿಂದ ಹಾಗೆಯೇ ನಡೆಯಿತು. ಸಣ್ಣ ತೊಡಕು ಒಂದೇ. ಭುವನಾ ಪೂಜೆ ಮುಗಿಸಿದ ಕೂಡಲೇ ಗಂಡ ಹೆಂಡತಿ ಕೂತು ಚಹಾ ಕುಡಿಯುವುದು ಮದುವೆಯಾದಾಗಿನ ರೂಢಿ. ಚನ್ನಬಸಪ್ಪನಿಗೆ ನಾನು ಏನೂ ಹೇಳಿರಲಿಲ್ಲ. ಎರಡನೆಯ ದಿನ ನೋಡಿದರೆ ಅವನು ಚಹಾ ಇಲ್ಲದೆ ಪೇಪರು ಹಿಡಿದು ಕೂತಿದ್ದ. ಹಿಂದಿನ ಪುಟದಿಂದ ಮುಂದಿನ ಪುಟಕ್ಕೆ ಬಂದ, ಮತ್ತೆ ಮುಂದಿನಿಂದ ಹಿಂದಕ್ಕೆ ಹೋದ.

"ನಿಮಗ ಮಾಡಿ ಕೊಡ್ಲೇನ್ರಿ?" ಎಂದಳು ಭುವನಾ.

"ಬ್ಯಾಡ, ಈಗ ಮನಸ್ಸಿಲ್ಲ," ಎಂದ. ಚಹಾಕ್ಕೆ ಮನಸ್ಸಿಲ್ಲ ಎಂದು ನನ್ನ ಮಗ ಹುಟ್ಟಿದ ಮೇಲೆ ಅಂದದ್ದು ಅದೇ ಮೊದಲು.

ಇದೆಲ್ಲ ಕೇಳಿದ ಮರಿಯವ್ವ, "ಸೊಸಿ ಎಡಿ ಕಸಗೊಂಡ ಅತ್ತಿ ಹಾವೇರಿ ಜಿಲ್ಲೇದಾಗ ನೀವೊಬ್ಬಾಕಿನ ನೋಡ್ರಿ ಶಾರದವ್ವಾರ," ಎಂದಳು.

ಬೇಗ ಏನೂ ಆಗಲಿಲ್ಲ. ಶಿವರಾತ್ರಿ ಬಂತು, ಹೋಯಿತು. ಭುವನಾ ಶಾಲು ಬಿಡಲಿಲ್ಲ. ಪಡಸಾಲೆಯ ಚೀಲಗಳು ಹಾಗೇ ಇದ್ದವು, ಆಕೆ ಅವುಗಳನ್ನು ಸುತ್ತು ಹಾಕಿ ನಡೆಯುವಳು, ಮುಟ್ಟುತ್ತಿರಲಿಲ್ಲ. ರಾಣೆಬೆನ್ನೂರಿನ ಸರಸ್ವತೀಬಾಯಿಯವರು, ಎಲ್ಲರಿಗಿಂತ ಹಳೆಯ ಗಿರಾಕಿ, ಎರಡು ಸಲ ಫೋನ್ ಮಾಡಿದರು. ಯುಗಾದಿ ಮೇಲೆ ಹೇಳುತ್ತೇನೆ ಎಂದಳು. ಫೋನ್ ಇಟ್ಟು, "ಸುಳ್ಳ ಹೇಳಾಕ ಹಚ್ಚೀರಿ ನನಗ," ಎಂದಳು ನನಗೆ. ಒಂದು ದಿನ ಮಾತ್ರ ಬಹಳ ಸೋತು, "ಹಾಲೂ ಹೋತು, ಖಾರಾನೂ ಹೋತು, ಏನೂ ಆಗವಲ್ದು ಅತ್ತಿ," ಎಂದು ನನ್ನ ತೊಡೆಯ ಮೇಲೆ ತಲೆ ಇಟ್ಟು ಮಲಗಿದಳು. ನಾನು ತಲೆಗೆ ಎಣ್ಣೆ ಹಚ್ಚಿದೆ. ಬೆರಳಿಗೆ ಸುತ್ತಿಕೊಂಡು ಬಂದ ಕೂದಲು ಮೊದಲಿನಷ್ಟು ಇರಲಿಲ್ಲ. ಆದರೆ ಹೇಳಲಿಲ್ಲ. ತಪ್ಪಿರಬಹುದು, ನನ್ನ ಕಣ್ಣು ಮೊದಲಿನ ಹಾಗಿಲ್ಲ.

ಯುಗಾದಿಗೆ ನಾಲ್ಕಾರು ದಿನ ಇರುವಾಗ, ಮಧ್ಯಾಹ್ನ ಮರಿಯವ್ವ ಸುಮ್ಮನೆ ಮಾತಿಗೆ ಬಂದು ನನ್ನ ಪಕ್ಕ ಕೂತಿದ್ದಳು. ಭುವನಾ ಒಳಗಿನಿಂದ ಬಂದು ಹೊಸ್ತಿಲಲ್ಲಿ ನಿಂತಳು. ಮೂಗು ಸ್ವಲ್ಪ ಮೇಲೆತ್ತಿದಳು.

"ಮರಿಯವ್ವ, ತಂಬಾಕ ಹಾಕ್ಕೊಂಡೀ?"

"ನಾನಾ? ಬಿಟ್ಟೇನಲ್ಲ. ದೀಪಾವಳಿಗೇ ಬಿಟ್ಟೇನಿ. ಮಗನ ಮ್ಯಾಲೆ ಆಣಿ ಮಾಡೇನಿ."

"ಬಾಯಾಗ ಇಲ್ಲ. ಸೊಂಟದಾಗ ಐತಿ. ಎಡಕ."

ಮರಿಯವ್ವನ ಕೈ ತಾನಾಗಿಯೇ ಎಡಸೊಂಟಕ್ಕೆ ಹೋಯಿತು. ನಾನು ಆಕೆಯ ಪಕ್ಕದಲ್ಲೇ ಕೂತಿದ್ದೆ, ನನಗೆ ಏನೂ ಗೊತ್ತಾಗಿರಲಿಲ್ಲ. ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಮೊದಲು ತಿಳಿದದ್ದು ಮರಿಯವ್ವನಿಗೆ. "ಅಯ್ಯ ನನ್ನವ್ವ, ನಿನ್ನ ಮೂಗು ಬಂತು, ನನ್ನ ಮಾನ ಹೋತು," ಎಂದು ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಭುವನಾ ನಗಲಿಲ್ಲ. ನೇರವಾಗಿ ಚೀಲದ ಹತ್ತಿರ ಹೋದಳು, ಬಾಯಿ ಬಿಚ್ಚಿದಳು, ಒಂದು ಹಿಡಿ ತೆಗೆದು ಮೂಗಿಗೆ ಹಿಡಿದಳು. ಬೆನ್ನು ನಮ್ಮ ಕಡೆ ಇತ್ತು. ತಿರುಗದೆಯೇ, "ಪೂರಾ ಇಲ್ಲ ಅತ್ತಿ. ದೂರ ಎಲ್ಲೋ ಯಾರೋ ಹುರದಂಗ ಬರ್ತದ," ಎಂದಳು.

ಹಬ್ಬದ ಮರುವಾರ ಹಾವೇರಿಗೆ ಹೋಗಿ ರಕ್ತ ಕೊಟ್ಟು ಬಂದೆವು. ಲೆಕ್ಕ ಬಹಳ ಸುಧಾರಿಸಿತ್ತು, ಆದರೆ ಎಲ್ಲಿಗೆ ಬರಬೇಕೋ ಅಲ್ಲಿಗೆ ಬಂದಿರಲಿಲ್ಲ. ಡಾಕ್ಟರು ಇದೇ ಗುಳಿಗೆ ಇದೇ ರೀತಿ ಮುಂದುವರಿಯಲಿ ಎಂದರು. ಉರಿಯ ವಿಚಾರ ಮಾತಾಡಿದರು. ಗುಳಿಗೆ ಕೊಡುತ್ತೇನೆ ಎಂದಾಗ ಭುವನಾ, ಈಗ ತಡೆದುಕೊಳ್ಳುತ್ತೇನೆ, ಆಗದಿದ್ದರೆ ಬರುತ್ತೇನೆ ಎಂದಳು. ಡಾಕ್ಟರು ಆಗಲಿ ಎಂದರು. "ಇನ್ನೂ ಏನರ ಪೂಜಿಗೆ ಇಟಗೊಂಡು ತಗೋತೀರೇನ್ರಿ, ನನಗ ಹೇಳದ್ದು?" ಎಂದು ಕೇಳಿದರು. ಸ್ನೇಹಾಳಿಗೆ ನಗು ತಡೆಯಲಾಗಲಿಲ್ಲ. ತಾಯಿಯೂ ನಕ್ಕಳು, ಅಲ್ಲಿಗೆ ಅವರಿಬ್ಬರ ದೋಸೆ ಜಗಳ ಮುಗಿಯಿತು.

ಮಾರನೆಯ ದಿನವೇ ಅಂಗಳದಲ್ಲಿ ಒಲೆ ಹೂಡಿದಳು. ಅಡುಗೆಮನೆಯ ಝಳ ಬೇಡ, ಬಯಲಲ್ಲಿ ಇರಲಿ ಎಂದಳು. ಎರಡು ಬುಟ್ಟಿ ಹವೀಜ ಹುರಿಯುವಷ್ಟರಲ್ಲಿ ಎದೆಯಿಂದ ಕೆಂಪು ಏರಿತು. ಹಿತ್ತಲಿಗೆ ಓಡಲಿಲ್ಲ. ಸೌಟು ಮರಿಯವ್ವನ ಕೈಗೆ ಕೊಟ್ಟು, ಸೆರಗು ಸಡಿಲಿಸಿ, ಬೇವಿನ ಮರದ ನೆರಳಲ್ಲಿ ಕೂತು ಮೊರದಿಂದ ಗಾಳಿ ಹಾಕಿಕೊಂಡಳು. ದಾರಿಯಲ್ಲಿ ಹೋಗುವವರು ನೋಡಿದರೆ ನೋಡಲಿ ಎಂಬ ಹಾಗೆ. ಅಲ್ಲಿಂದಲೇ, "ಕೈ ನಿಲ್ಲಸಬ್ಯಾಡ. ಇನ್ನೂ ಹಸಿ ಐತಿ. ಇನ್ನೂ... ಈಗ ಇಳಸು," ಎಂದಳು. ಮರಿಯವ್ವ ಗೊಣಗುತ್ತ ಇಳಿಸಿದಳು. ನಾನು ಒಂದು ಕಾಳು ಬಾಯಿಗೆ ಹಾಕಿಕೊಂಡು ನೋಡಿದೆ. ಮೊದಲಿನಷ್ಟು ಸರಿ ಇತ್ತೋ ಇಲ್ಲವೋ, ಹೇಳುವಷ್ಟು ನಾಲಿಗೆ ನನಗಿಲ್ಲ. ಆಕೆಗೆ ಒಪ್ಪಿಗೆಯಾಗಿತ್ತು.

ಎಲ್ಲ ಚೀಲ ಆಗಲಿಲ್ಲ. ಬಹಳ ಬೇಗ ಸುಸ್ತಾಗುತ್ತಿದ್ದಳು. ಒಂದಿಷ್ಟು ಕಾಯಿ ಚನ್ನಬಸಪ್ಪ ತಿರುಗಿ ಪೇಟೆಗೆ ಒಯ್ದ. ಗಿರಣಿಯಿಂದ ಮೊದಲ ಖಾರ ಬಿಸಿಬಿಸಿಯಾಗಿ ಡಬ್ಬಿಯಲ್ಲಿ ಬಂದ ಸಂಜೆ ಸರಸ್ವತೀಬಾಯಿಯವರ ಫೋನ್ ಬಂತು. ಭುವನಾಳ ಕೈ ಖಾರ ಆಗಿತ್ತು, ಫೋನನ್ನು ನಾನು ಆಕೆಯ ಕಿವಿಗೆ ಹಿಡಿದೆ. ಅದಕ್ಕೇ ಎರಡೂ ಕಡೆಯ ಮಾತು ನನಗೆ ಕೇಳಿಸಿತು.

"ಏನ್ ಭುವನಾ, ಯುಗಾದಿ ಆತು. ನಮಗ ಖಾರ ಐತೋ, ಇಲ್ಲ ಪ್ಯಾಟ್ಯಾಗ ಪಾಕೀಟು ತರಬೇಕೋ?"

"ಐತ್ರಿ ಬಾಯಾರ. ಆದ್ರ ಈ ವರ್ಷ ಅರ್ಧಾನ ಕೊಡ್ತೇನಿ."

"ಅರ್ಧದಾಗ ಏನ್ ಮಾಡ್ಲಿ? ಮಗಳ ಮನಿಗೂ ಕಳಸಬೇಕು."

"ಈ ಸಲ ಮಗಳಿಗೆ ಸ್ವಲ್ಪ ಕಮ್ಮಿ ಕೊಡ್ರಿ. ಮುಂದಿನ ವರ್ಷ ಲಗೂ ಹೇಳ್ರಿ, ಪೂರಾ ಮಾಡಿ ಕೊಡ್ತೇನಿ."

ಆ ಕಡೆಯಿಂದ ಅವರು ಇನ್ನೂ ಏನೋ ಚೌಕಾಸಿ ಮಾಡುತ್ತಿದ್ದರು. ಮುಂದಿನ ವರ್ಷ ಎಂದು ಆಕೆಯ ಬಾಯಿಂದ ಬಂದ ಮೇಲೆ ಉಳಿದದ್ದು ನಾನು ಕೇಳಲಿಲ್ಲ. ಕೈ ಸೋತಿತು, ಫೋನು ಇನ್ನೊಂದು ಕೈಗೆ ಬದಲಿಸಿದೆ.

"ಅತ್ತಿ, ನೆಟ್ಟಗ ಹಿಡೀರಿ, ಕೇಳವಲ್ದು," ಎಂದಳು ಭುವನಾ.

ನೆಟ್ಟಗೆ ಹಿಡಿದೆ.